ಮೆಟ್ಟಿಲ ಕೆಳಗಿನ ಕನ್ನಡಕ ರಿಪೇರಿಗೆ ಹಳೆಯ ಡೊಮೇನೋ, ಹೊಸದೋ ಎಂಬ ಬಗ್ಗೆ

ಫಲಕ ಮತ್ತು ನಾಮ ಶಾಖೆ
ಮೊದಲ ಮಹಡಿ, ನೀರಿನ ಫಿಲ್ಟರ್ ಪಕ್ಕ

ಸಂಖ್ಯೆ: ಫನಾಶಾ/ಹಳೆ-ಹೊಸ/41/ತಿದ್ದುಪಡಿಯ ತಿದ್ದುಪಡಿ

ಸುತ್ತೋಲೆ

ವಿಷಯ: ಮೊದಲ ಬಾರಿ ವೆಬ್‌ಸೈಟ್ ಆರಂಭಿಸುವವರು ಅವಧಿ ಮುಗಿದ ಡೊಮೇನ್ ತೆಗೆದುಕೊಳ್ಳತಕ್ಕದ್ದೋ, ಹೊಸ ಡೊಮೇನ್ ತೆಗೆದುಕೊಳ್ಳತಕ್ಕದ್ದೋ ಎಂಬ ಬಗ್ಗೆ.

ಉಲ್ಲೇಖ:
1. ಮೆಟ್ಟಿಲ ಕೆಳಗಿನ ಕನ್ನಡಕ ರಿಪೇರಿ ಅಕ್ಕನವರ ಅರ್ಜಿ (ಏಳು ತಿಂಗಳ ಹಿಂದಿನದು).
2. ಅದೇ ಅಕ್ಕನವರ ನೆನಪೋಲೆಗಳು, ಒಂದರಿಂದ ಒಂಬತ್ತರವರೆಗೆ.
3. ಅದೇ ಅಕ್ಕನವರು ನಿನ್ನೆ ಕಿಟಕಿಯಲ್ಲಿ ಇಣುಕಿ ಹೇಳಿದ ಮಾತು.

ಟಪಾಲು ಮೇಜಿನ ಸಿಬ್ಬಂದಿ ಈಗ ಕೈಯಲ್ಲಿರುವ ಲಕೋಟೆಗೆ ಅಂಟು ಹಚ್ಚಿ ಮುಗಿಸಿ, ಉಳಿದವನ್ನು ಇದ್ದಲ್ಲೇ ಬಿಟ್ಟು, ಬೆರಳು ಒರೆಸಿಕೊಂಡು ಈ ಸುತ್ತೋಲೆಯನ್ನು ಓದತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಕಳೆದ ಸುತ್ತೋಲೆಯನ್ನು ಅಂಟು ಬೆರಳಿನಲ್ಲೇ ಓದಿದ ಕಾರಣ ಅದು ಇಂದಿಗೂ ಹಾಜರಿ ಪುಸ್ತಕಕ್ಕೆ ಅಂಟಿಕೊಂಡಿದ್ದು, ಮೂವರು ನೌಕರರ ಒಂದು ವಾರದ ಹಾಜರಿ ಅದರ ಅಡಿಯಲ್ಲಿರುತ್ತದೆ.

ಪ್ರಕರಣದ ಹಿನ್ನೆಲೆ ಇಷ್ಟು. ಈ ಕಟ್ಟಡದ ಮೆಟ್ಟಿಲ ಕೆಳಗೆ ಹದಿನಾಲ್ಕು ವರ್ಷದಿಂದ ಕನ್ನಡಕ ರಿಪೇರಿ ಮಾಡಿಕೊಂಡಿರುವ ಅಕ್ಕನವರು ಈ ತಿಂಗಳ ಕೊನೆಗೆ ಆ ಜಾಗ ಬಿಡಬೇಕಾಗಿದೆ. ಮೆಟ್ಟಿಲನ್ನು ಒಡೆದು ಬೇರೆ ಕಟ್ಟಲಾಗುವುದು. ಅವರು ಹೋಗುವುದು ಹಿಂದಿನ ಬೀದಿಯ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಗೆ. ಗೋಡೆಗೆ ಒಂದು ಚೀಟಿ ಅಂಟಿಸಿ ಹೋಗಬಾರದೇ ಎಂದು ಶಾಖೆಯಿಂದ ವಿಚಾರಿಸಲಾಗಿ, “ಚೀಟಿ ಓದೋಕೆ ಆಗಿದ್ರೆ ನನ್ನ ಹತ್ರ ಯಾಕೆ ಬರ್ತಾರೆ? ಮುರಿದ ಕನ್ನಡಕ ಕೈಲಿ ಹಿಡ್ಕೊಂಡು ತಡವರಿಸ್ತಾ ಬರೋರು ಅವರು. ಮನೇಲಿ ಯಾರಾದ್ರೂ ಮೊಬೈಲಲ್ಲಿ ಹುಡುಕಿ ಕರ್ಕೊಂಡು ಬರಬೇಕು” ಎಂದು ತಿಳಿಸಿರುತ್ತಾರೆ. ಚೀಟಿಯ ಸಲಹೆಯನ್ನು ಹಿಂಪಡೆಯಲಾಗಿದೆ. ಆದ್ದರಿಂದ ವೆಬ್‌ಸೈಟ್ ಅವಶ್ಯವೆಂದು ಒಪ್ಪಲಾಗಿದೆ. ವೆಬ್‌ಸೈಟ್ ಎಂಬುದು ಗೋಡೆಯಿಲ್ಲದೆ ತೂಗುಹಾಕುವ ಫಲಕವಾದ್ದರಿಂದ, ಬಾಡಿಗೆದಾರರ ಫಲಕಗಳಿಗೆ ಅನುಮತಿ ಕೊಡುವ ಈ ಶಾಖೆಯೇ ಅದಕ್ಕೂ ಅನುಮತಿ ಕೊಡಬೇಕಾಗಿ ಬಂದಿದೆ.

ವೆಬ್‌ಸೈಟಿನ ವಿಳಾಸಕ್ಕೆ ಡೊಮೇನ್ ಎನ್ನುತ್ತಾರೆ. ಯಾರೋ ಇಟ್ಟುಕೊಂಡು, ನವೀಕರಿಸದೆ ಕೈಬಿಟ್ಟದ್ದು ಅವಧಿ ಮುಗಿದ ಡೊಮೇನ್. ಯಾರೂ ಮುಟ್ಟದೆ ಇದ್ದದ್ದು ಹೊಸದು. ವೆಬ್‌ಸೈಟ್ ಮಾಡಿಕೊಡುವವರು ಅಕ್ಕನವರಿಗೆ, “ಹಳೇದೇ ತಗೋ ಅಕ್ಕಾ, ಅದಕ್ಕೆ ಆಗಲೇ ಹತ್ತಾರು ಕಡೆಯಿಂದ ಲಿಂಕ್ ಇರುತ್ತೆ, ಎಸ್‌ಇಒಗೆ ಒಳ್ಳೇದು, ಅಂದ್ರೆ ಹುಡುಕಿದವರಿಗೆ ಬೇಗ ಮೇಲೇ ಸಿಗ್ತೀಯ” ಎಂದಿದ್ದಾರೆ. ಅಕ್ಕನವರ ಭಾವನವರು, “ಯಾರೋ ಬಿಟ್ಟ ಚಪ್ಪಲಿಗೆ ಕಾಲು ಹಾಕ್ತೀಯಾ? ಹೊಸದೇ ತಗೋ” ಎಂದಿದ್ದಾರೆ. ಇಬ್ಬರೂ ಲಿಖಿತವಾಗಿ ಕೊಟ್ಟಿರುವುದಿಲ್ಲ. ಆದಕಾರಣ ಈ ಕೆಳಕಂಡ ನಿಯಮಗಳನ್ನು ರೂಪಿಸಲಾಗಿದೆ.

1. ಹೊಸ ಡೊಮೇನ್ ಕೋರುವವರು, ಸದರಿ ಡೊಮೇನ್ ಕನಿಷ್ಠ ಐದು ವರ್ಷ ಕೆಲಸ ಮಾಡಿದ ಬಗ್ಗೆ ಅನುಭವ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ಅನುಭವವಿಲ್ಲದ ಹೊಸ ಡೊಮೇನನ್ನು ತಿರಸ್ಕರಿಸಲಾಗುವುದು. ಅನುಭವವಿರುವ ಹೊಸ ಡೊಮೇನನ್ನು ಹಳೆಯದೆಂದು ಪರಿಗಣಿಸಿ ನಿಯಮ 2ಕ್ಕೆ ಕಳುಹಿಸಲಾಗುವುದು.

2. ಹಳೆಯ ಡೊಮೇನ್ ಕೋರುವವರು ಅದರ ಹಿಂದಿನ ನಡತೆಯ ಬಗ್ಗೆ ಪ್ರಮಾಣಪತ್ರವನ್ನೂ, ಹಿಂದಿನ ಮಾಲೀಕರಿಂದ ನಿರಾಕ್ಷೇಪಣಾ ಪತ್ರವನ್ನೂ ತರತಕ್ಕದ್ದು. ಮಾಲೀಕರು ಪತ್ತೆಯಾಗದಿದ್ದಲ್ಲಿ ಡೊಮೇನ್ ಖುದ್ದಾಗಿ ಹಾಜರಾಗತಕ್ಕದ್ದು. ಅವಧಿ ಮುಗಿದವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಕೆಳಸಹಿದಾರರ ವೈಯಕ್ತಿಕ ತಕರಾರು ಏನೂ ಇಲ್ಲ. ಕೆಳಸಹಿದಾರರನ್ನೇ ಎರಡು ಸಲ ತೆಗೆದುಕೊಳ್ಳಲಾಗಿದೆ. ಆದರೆ ಎರಡೂ ಸಲ ಹಿಂದೆ ಏನು ಕೆಲಸ ಮಾಡಿದ್ದೀರಿ ಎಂದು ಕೇಳಿಯೇ ತೆಗೆದುಕೊಂಡರು ಎಂಬುದನ್ನು ಗಮನಿಸುವುದು.

3. ಮಾರುವವರ ಒಪ್ಪಿಗೆ ಪಡೆದು, ಒಂದು ಹಳೆಯ ಡೊಮೇನಿನಲ್ಲಿ ಅಕ್ಕನವರ ವಿಳಾಸ ಮತ್ತು ಫೋನ್ ನಂಬರನ್ನು ಒಂದು ವಾರ ಪರೀಕ್ಷಾರ್ಥವಾಗಿ ಹಾಕಲಾಯಿತು. ಸದರಿ ಡೊಮೇನ್ ಆರು ವರ್ಷ ಗಿಳಿ ಸಾಕುವವರ ಸಂಘದ್ದಾಗಿದ್ದು, ಅನಂತರ ಎಂಟು ತಿಂಗಳು ತೂಕ ಇಳಿಸುವ ಪುಡಿಯದ್ದಾಗಿತ್ತೆಂದು ವಾರ ಮುಗಿದ ಮೇಲೆ ತಿಳಿದುಬಂದಿದೆ. ಮೆಟ್ಟಿಲ ಕೆಳಗೆ ಬಂದವರು ಒಟ್ಟು ಹನ್ನೊಂದು ಜನ. ಒಂಬತ್ತು ಜನ ಗಿಳಿ ಕೇಳಿದರು. ಅವರಿಗೆ ಅಕ್ಕನವರು, “ಗಿಳಿ ಇಲ್ಲ ಅಣ್ಣಾ, ನನ್ನ ಹತ್ರ ಮೂಗಿನ ಮೇಲೆ ಕೂರೋದು ಇದೊಂದೇ” ಎಂದು ಕನ್ನಡಕ ತೋರಿಸಿ ಉತ್ತರಿಸಿರುತ್ತಾರೆ. ಇಬ್ಬರು ಪುಡಿ ಕೇಳಿದರು. ಅವರಿಗೆ, “ದಿನಾ ಈ ಮೆಟ್ಟಿಲು ಹತ್ತಿ ಇಳೀರಿ. ತಿಂಗಳ ಕೊನೆವರೆಗೂ ಇರುತ್ತೆ” ಎಂದಿರುತ್ತಾರೆ. ಕನ್ನಡಕ ಹಿಡಿದು ಬಂದವರ ಸಂಖ್ಯೆ: ಸೊನ್ನೆ. ಲಿಂಕ್‌ಗಳಿದ್ದದ್ದು ನಿಜ. ಅವೆಲ್ಲ ಗಿಳಿಯ ಕಡೆಯ ನೆಂಟರು.

4. ಆದ್ದರಿಂದ ಹಳೆಯ ಡೊಮೇನ್ ಕೊಳ್ಳುವವರು ಅದರ ಹಿಂದಿನ ಸಂದರ್ಶಕರನ್ನು ತಮ್ಮ ಅವಲಂಬಿತರೆಂದು ಭಾವಿಸಿ, ಮನುಷ್ಯರಿಗೆ ಬೆಂಚು, ಗಿಳಿಗಳಿಗೆ ಕೋಲು ಒದಗಿಸತಕ್ಕದ್ದು. ಕೋಲಿನ ಉದ್ದ ಗಿಳಿಯ ಸೇವಾ ಹಿರಿತನಕ್ಕೆ ಅನುಗುಣವಾಗಿರತಕ್ಕದ್ದು. ಪರೀಕ್ಷೆಯ ವಾರದಲ್ಲಿ ಒಬ್ಬರು ಶಾಖೆಯಲ್ಲಿ ಮರೆತುಹೋದ ಗಿಳಿಯು ಎರಡೇ ದಿನದಲ್ಲಿ “ನಾಳೆ ಬನ್ನಿ” ಎನ್ನಲು ಕಲಿತಿದ್ದು, ಅದರ ಮಾತು ನಂಬಿ ಮೂವರು ಸಾರ್ವಜನಿಕರು ವಾಪಸ್ಸು ಹೋಗಿರುತ್ತಾರೆ. ಕಡತಗಳನ್ನು ಪರಿಶೀಲಿಸಲಾಗಿ, ಸದರಿ ಗಿಳಿಯ ಉತ್ತರಕ್ಕೂ ಶಾಖೆಯ ಉತ್ತರಕ್ಕೂ ವ್ಯತ್ಯಾಸ ಕಂಡುಬಂದಿರುವುದಿಲ್ಲ. ಆದ್ದರಿಂದ ಅದು ಕೊಟ್ಟ ಉತ್ತರಗಳನ್ನು ಸ್ಥಿರೀಕರಿಸಲಾಗಿದೆ.

5. ಹೊಸ ಡೊಮೇನನ್ನು ಸರ್ಚ್ ಎಂಜಿನ್ ಗುರುತು ಹಿಡಿಯಲು ಕೆಲವು ತಿಂಗಳೇ ಬೇಕಾಗಬಹುದು ಎಂದು ಹೇಳಲಾಗುತ್ತದೆ. ಈ ಅವಧಿಯನ್ನು ಕಡಿಮೆ ಮಾಡುವ ಸಲುವಾಗಿ, ಎಲ್ಲ ಸಿಬ್ಬಂದಿಯೂ ಅಕ್ಕನವರನ್ನು ದಿನಕ್ಕೆ ಮೂರು ಬಾರಿ, ಊಟಕ್ಕೆ ಮೊದಲು, ಮೊಬೈಲಿನಲ್ಲಿ ಹುಡುಕತಕ್ಕದ್ದೆಂದು ಆದೇಶಿಸಲಾಗಿತ್ತು. ಲಿಫ್ಟ್ ಆಪರೇಟರ್ ಒಬ್ಬರೇ ನಾನೂರು ಬಾರಿ ಹುಡುಕಿದ್ದು, ಲಿಫ್ಟಿನಲ್ಲಿ ಸಿಗ್ನಲ್ ಸಿಗುವುದಿಲ್ಲವೆಂಬುದು ಆಮೇಲೆ ಬೆಳಕಿಗೆ ಬಂದಿದೆ. ಅಲ್ಲದೆ ವೆಬ್‌ಸೈಟೇ ಇನ್ನೂ ಆಗಿಲ್ಲ.

ವೆಬ್‌ಸೈಟಿನ ಪುಟದ ಮೇಲೆ ಏನು ಬರೆಯಬೇಕೆಂಬ ಬಗ್ಗೆ ಶಾಖೆಯು “ದೃಷ್ಟಿ ಸಹಾಯಕ ಸಾಧನಗಳ ಪುನಶ್ಚೇತನ ಕೇಂದ್ರ” ಎಂದು ಸೂಚಿಸಿತ್ತು. ಅಕ್ಕನವರು, “ಹಾಗಂತ ಯಾರು ಹುಡುಕ್ತಾರೆ? ಕನ್ನಡಕದ ಕಾಲು ಮುರಿದಿದೆ, ಸ್ಕ್ರೂ ಬಿದ್ದೋಗಿದೆ, ಮೇಲೆ ಕೂತ್ಬಿಟ್ಟೆ, ಹೀಗೆ ತಾನೇ ಜನ ಹೇಳೋದು” ಎಂದು ಆಕ್ಷೇಪಿಸಿರುತ್ತಾರೆ. ಆಕ್ಷೇಪಣೆಯು ಸರಿಯಾಗಿರುವುದರಿಂದ ಅದನ್ನು ಕಡತದಲ್ಲಿ ಎಲ್ಲಿ ಇಡಬೇಕೆಂದು ತಿಳಿಯದೆ ಕೆಳಸಹಿದಾರರು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡಿರುತ್ತಾರೆ.

6. ಅನುಮತಿ ಪತ್ರವು ಅರ್ಜಿ ಬಂದ ನಾಲ್ಕನೇ ದಿನವೇ ಟೈಪಾಗಿ ಸಿದ್ಧವಿದ್ದುದನ್ನು ಇಲ್ಲಿ ಒಪ್ಪಿಕೊಳ್ಳಲಾಗಿದೆ. ಅಚ್ಚಾದ ನಮೂನೆಯಲ್ಲಿ “ಹಳೆಯ / ಹೊಸ (ಅನ್ವಯಿಸದಿರುವುದನ್ನು ಹೊಡೆದುಹಾಕಿ)” ಎಂದಿದ್ದು, ಹೊಡೆದುಹಾಕುವ ಅಧಿಕಾರ ಯಾರಿಗಿದೆ ಎಂಬುದು ಇತ್ಯರ್ಥವಾಗದೆ ಪತ್ರವು ಏಳು ತಿಂಗಳಿನಿಂದ ಏಳು ಮೇಜು ತಿರುಗಿರುತ್ತದೆ. ಅಡ್ಡಗೆರೆ ಸಮಿತಿಯನ್ನು ರಚಿಸಲಾಯಿತು. ಮೊದಲನೇ ಸದಸ್ಯರು ಗೆರೆ ನೀಲಿಯೋ ಕಪ್ಪೋ ಎಂದು ಕೇಳಿ ಕಡತ ಹಿಂದಿರುಗಿಸಿದರು. ಎರಡನೆಯವರು ಎರಡನ್ನೂ ಹೊಡೆದುಹಾಕಿ ರಜೆಯ ಮೇಲೆ ಹೋದರು. ಪತ್ರವನ್ನು ಮತ್ತೆ ಟೈಪು ಮಾಡಿಸಲಾಯಿತು. ಮೂರನೆಯವರು ಎರಡರ ಕೆಳಗೂ ಗೆರೆ ಎಳೆದು “ಎರಡೂ ಮುಖ್ಯ” ಎಂದು ಷರಾ ಬರೆದರು. ಮತ್ತೊಮ್ಮೆ ಟೈಪು ಮಾಡಿಸಲಾಯಿತು. ಸ್ಟೋರ್‌ಕೀಪರ್ ತಮ್ಮ ಬಳಿ ಸ್ಕೇಲ್ ಮಾತ್ರ ಇದೆ, ಅಭಿಪ್ರಾಯವಿಲ್ಲ ಎಂದು ಲಿಖಿತವಾಗಿ ತಿಳಿಸಿದರು.

7. ನಿನ್ನೆ ಅಕ್ಕನವರು ಕಿಟಕಿಯಲ್ಲಿ ಇಣುಕಿ ಹೇಳಿದ್ದು: “ಅಮ್ಮಾ, ನಾಳೆ ತಿಂಗಳ ಕೊನೆ, ಮೇಸ್ತ್ರಿ ಸಾಯಂಕಾಲ ಸುತ್ತಿಗೆ ಹಾಕ್ತಾನಂತೆ. ರಿಪೇರಿಗೆ ಕೊಟ್ಟೋರದು ಹದಿನೇಳು ಕನ್ನಡಕ ನನ್ನ ಡಬ್ಬೀಲಿದೆ. ನಾನು ಹಿಂದಿನ ಬೀದೀಲಿ ಕೂತಿರ್ತೀನಿ, ಅವರು ಇಲ್ಲಿ ಬಂದು ಗೋಡೆ ತಡವ್ತಾ ನಿಂತಿರ್ತಾರೆ. ಹಳೇದೋ ಹೊಸದೋ, ಒಂದು ಹೇಳ್ಬಿಡಿ.” ಈ ಮಾತನ್ನು ಟಿಪ್ಪಣಿ ಹಾಳೆಯಲ್ಲಿ ದಾಖಲಿಸಿ ಏಳೂ ಮೇಜಿಗೆ ಕಳುಹಿಸಲಾಯಿತು. ಯಾರೂ ಷರಾ ಬರೆದಿರುವುದಿಲ್ಲ.

8. ನಿಯಮ ಪುಸ್ತಕವನ್ನು ಕೆಳಸಹಿದಾರರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಓದಿರುತ್ತಾರೆ. ಓದು ನಿಧಾನವಾದರೂ ಬಿಟ್ಟು ಓದುವ ಅಭ್ಯಾಸವಿಲ್ಲ. ಅಡ್ಡಗೆರೆ ಎಳೆಯಬಹುದೆಂದು ಅದರಲ್ಲಿ ಎಲ್ಲೂ ಇಲ್ಲ, ಎಳೆಯಬಾರದೆಂದೂ ಇಲ್ಲ. ಹಳೆಯ ಹೆಸರು ಅದೇ ಕಸುಬಿನದಾಗಿ, ಕಳಂಕವಿಲ್ಲದ್ದಾಗಿ ಇದ್ದಿದ್ದರೆ ಯೋಚಿಸಬಹುದಿತ್ತು. ಮೊದಲ ಸಲ ಅಂಗಡಿ ತೆರೆಯುವವರು ಬೇರೆಯವರ ಗಿಳಿಗಳಿಗೆ ಜವಾಬು ಹೇಳುತ್ತ ಕೂರುವುದಕ್ಕಿಂತ, ತಮ್ಮದೇ ಹೆಸರಿನಲ್ಲಿ ತಮ್ಮ ಕೆಲಸ, ಜಾಗ, ಸಮಯ ಬರೆದು ಸ್ವಲ್ಪ ಕಾಯುವುದು ಮೇಲು. ಹದಿನೇಳು ಜನರಿಗೆ ಸರ್ಚ್ ಎಂಜಿನ್ ಗುರುತು ಹಿಡಿಯುವವರೆಗೆ ಕಾಯುವ ಅಗತ್ಯವಿಲ್ಲ. ಅವರು ಬರೆಸಿಹೋದ ಮನೆಯ ಫೋನ್ ನಂಬರಿಗೆ ವೆಬ್‌ಸೈಟಿನ ಹೊಸ ವಿಳಾಸವನ್ನು ಇಂದೇ ಕಳುಹಿಸಬಹುದು. ಆದ್ದರಿಂದ “ಹಳೆಯ” ಎಂಬುದನ್ನು ಸ್ಕೇಲ್ ಇಲ್ಲದೆ, ಕಪ್ಪು ಪೆನ್ನಿನಲ್ಲಿ, ಕೈಯಿಂದಲೇ ಹೊಡೆದುಹಾಕಲಾಗಿದೆ. ಗೆರೆ ಸ್ವಲ್ಪ ಸೊಟ್ಟಗಿದೆ.

9. ನಿಯಮ 1ರಿಂದ 4 ಸದರಿ ಅಕ್ಕನವರಿಗೆ ಅನ್ವಯಿಸುವುದಿಲ್ಲ. ಉಳಿದವರೆಲ್ಲರಿಗೂ ಅನ್ವಯಿಸುತ್ತವೆ, ಅದರಲ್ಲೂ ಅಡ್ಡಗೆರೆ ಸಮಿತಿಯವರಿಗೆ.

(ಸಹಿ)
ಪ್ರಭಾರ ಅಧೀಕ್ಷಕಿ
ಫಲಕ ಮತ್ತು ನಾಮ ಶಾಖೆ
(ಮರುನೇಮಕ, ಎರಡನೇ ಬಾರಿ)

ಪ್ರತಿಗಳು:
1. ಸ್ಟೋರ್‌ಕೀಪರ್ ಅವರಿಗೆ. ಸ್ಕೇಲ್ ತಮ್ಮಲ್ಲೇ ಇರಲಿ.
2. ಲಿಫ್ಟ್ ಆಪರೇಟರ್ ಅವರಿಗೆ, ಹುಡುಕುವುದನ್ನು ನಿಲ್ಲಿಸುವ ಸಲುವಾಗಿ.
3. ಗಿಳಿಯ ಮಾಲೀಕರಿಗೆ. ಗಿಳಿಯ ಎದುರು ಗಟ್ಟಿಯಾಗಿ ಓದಬಾರದು.
4. ಮೇಸ್ತ್ರಿಯವರಿಗೆ, ಮೇಲಿನ ಮೆಟ್ಟಿಲಿನಿಂದ ಒಡೆಯಲು ಆರಂಭಿಸುವಂತೆ ಕೋರಿಕೆಯೊಂದಿಗೆ.
5. ಕಚೇರಿ ಕಡತಕ್ಕೆ.
6. ಅರ್ಜಿದಾರರಿಗೆ, ಅನುಮತಿ ಪತ್ರದ ಮೂಲಪ್ರತಿಯೊಂದಿಗೆ. ಟಪಾಲು ಮೇಜಿನವರು ಇನ್ನೂ ಈ ಸುತ್ತೋಲೆಯನ್ನು ಓದುತ್ತಿರುವುದರಿಂದ, ಕೆಳಸಹಿದಾರರೇ ಇಪ್ಪತ್ತೆರಡು ಮೆಟ್ಟಿಲಿಳಿದು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಕೈಗೇ ತಲುಪಿಸಿರುತ್ತಾರೆ. ಸ್ವೀಕೃತಿಯ ಜಾಗದಲ್ಲಿ ಅರ್ಜಿದಾರರು ಬರೆದಿರುವುದು: “ಬಂತು ಅಮ್ಮಾ.”