ಒಂದು ಸರ್ವರ್‌ನೊಳಗಿನ ಸಂಸಾರ

ಕಣ್ಣಿಗೆ ಕಾಣುವ ವಸ್ತುವಿನ ಕೆಲಸ ಮಾಡುವವರಿಗೆ ಫಜೀತಿಗಳು ಕಡಿಮೆ. ನಾನು ಮಾಡುವುದು ಕಾಣದ ಕಂಪ್ಯೂಟರ್‌ಗಳ ಕೆಲಸ. ಹಾಗಾಗಿ ವಾರಕ್ಕೊಂದಾದರೂ ಫಜೀತಿ ತಪ್ಪಿದ್ದಲ್ಲ.

ನನ್ನ ಕೆಲಸ ಇಷ್ಟೆ. ಒಂದು ದೊಡ್ಡ ಸರ್ವರ್‌ಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕುತ್ತೇನೆ. ಅದರ ಮೇಲೆ ಇನ್ನೊಂದು ತಂತ್ರಾಂಶ ಹಾಕಿ, ಆ ಒಂದೇ ಡಬ್ಬದೊಳಗೆ ನಾಲ್ಕೈದು ಬೇರೆ ಬೇರೆ ಕಂಪ್ಯೂಟರ್‌ಗಳು ನಡೆಯುವ ಹಾಗೆ ಮಾಡುತ್ತೇನೆ. ಮಣಿಪಾಲದ ಫ್ಲ್ಯಾಟ್‌ಗಳ ಹಾಗೆ: ಕಟ್ಟಡ ಒಂದೇ, ಒಳಗೆ ಸಂಸಾರ ಬೇರೆ ಬೇರೆ. ಇವುಗಳಿಗೆ ವರ್ಚುವಲ್ ಮೆಷಿನ್ ಎನ್ನುತ್ತಾರೆ. ಮೈಯಿಲ್ಲದ ಯಂತ್ರಗಳು. ಉಡುಪಿಯ ಸುತ್ತಮುತ್ತಲಿನ ಶಾಲೆ, ಕಾಲೇಜು, ಕಂಪೆನಿಗಳಿಗೆ ಇವನ್ನು ಕಟ್ಟಿಕೊಟ್ಟು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು.

ಕಾಲೇಜಿನ ಸೊತ್ತು

ಕಾರ್ಕಳದ ಒಂದು ಕಾಲೇಜಿನಲ್ಲಿ ನಾಲ್ಕು ಹಳೆಯ ಕಂಪ್ಯೂಟರ್‌ಗಳ ಕೆಲಸವನ್ನೆಲ್ಲ ಒಂದೇ ಸರ್ವರ್‌ಗೆ ತಂದು ಕೂರಿಸಿದ್ದೆ. ಮರುದಿನ ಕಾಲೇಜಿನ ಸೊತ್ತು ಲೆಕ್ಕ ಹಾಕುವ ತಪಾಸಣೆಯವರು ಬರುವವರಿದ್ದರು. ಅಲ್ಲಿಯ ಸೂಪರಿಂಟೆಂಡೆಂಟರು ಬಹಳ ಕಟ್ಟುನಿಟ್ಟಿನ ಮನುಷ್ಯ. ಕಾಲೇಜಿನ ಬೆಂಚು, ಬಕೆಟ್ಟು, ಗೋಡೆ ಗಡಿಯಾರ ಯಾವುದೂ ಅವರ ಕೈಯಿಂದ ಒಂದು ನಂಬರ್ ಚೀಟಿ ಅಂಟಿಸಿಕೊಳ್ಳದೆ ಉಳಿದಿಲ್ಲ.

"ಎಷ್ಟು ಕಂಪ್ಯೂಟರ್ ಮೇಡಂ?"

"ನಾಲ್ಕು ಸರ್."

"ಎಲ್ಲುಂಟು?"

"ಇದರ ಒಳಗೆ."

ಅವರು ಸರ್ವರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಿಂದಿನ ತೂತುಗಳಲ್ಲಿ ಇಣುಕಿದರು. "ಹೊರಗೆ ತೆಗೆದು ತೋರಿಸಲಿಕ್ಕೆ ಆಗುತ್ತದಾ?" ಎಂದರು. ಆಗುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಒಂದೇ ಡಬ್ಬಕ್ಕೆ ನಾಲ್ಕು ಚೀಟಿಗಳನ್ನು ಸಾಲಾಗಿ ಅಂಟಿಸಿದರು. ತಪಾಸಣೆಯವರು ಚೀಟಿ ಎಣಿಸಿಕೊಂಡು ಖುಷಿಯಲ್ಲಿಯೇ ಹೋದರಂತೆ.

ಕೆಲವು ತಿಂಗಳ ನಂತರ ಆ ನಾಲ್ಕರಲ್ಲಿ ಲೈಬ್ರರಿಯ ಕಂಪ್ಯೂಟರ್ ಬೇಡವಾಯಿತು. ನಾನು ಹೋಗಿ ಅಳಿಸಿದೆ. ಸೂಪರಿಂಟೆಂಡೆಂಟರಿಗೆ ವಿಷಯ ತಿಳಿಸಿದಾಗ ಅವರ ಮುಖ ಗಂಭೀರವಾಯಿತು.

"ಅಳಿಸಿದ್ದಾ? ಅದು ಕಾಲೇಜಿನ ಸೊತ್ತು ಮೇಡಂ. ಗುಜರಿಗೆ ಹಾಕಲಿಕ್ಕೂ ಒಂದು ಕ್ರಮ ಉಂಟು. ಹಳೆಯದನ್ನು ನನ್ನ ಕೈಗೆ ಕೊಡಬೇಕಿತ್ತು."

"ಕೊಡಲಿಕ್ಕೆ ಎಂತದೂ ಉಳಿಯುವುದಿಲ್ಲ ಸರ್."

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಹೆಗಲ ಮೇಲಿನ ಚೀಲವನ್ನು ಬಹಳ ಹೊತ್ತು ನೋಡಿದರು.

"ಒಂದು ಸ್ಕ್ರೂ ಕೂಡ ಉಳಿಯಲಿಲ್ಲವಾ?"

ಸ್ನ್ಯಾಪ್‌ಶಾಟ್

ಕಾಪುವಿನ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ, "ನಾಳೆ ಬೆಳಿಗ್ಗೆ ಬರುತ್ತೇನೆ ಟೀಚರ್. ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದು, ಆಮೇಲೆ ಅಪ್‌ಡೇಟ್ ಮಾಡುತ್ತೇನೆ" ಎಂದಿದ್ದೆ. ಮೈಯಿಲ್ಲದ ಈ ಯಂತ್ರಗಳಲ್ಲಿ ಅದೊಂದು ಅನುಕೂಲ. ಇವತ್ತು ಹೇಗಿದೆಯೋ ಹಾಗೆಯೇ ಒಂದು ಪ್ರತಿ ತೆಗೆದಿಟ್ಟರೆ, ನಾಳೆ ಏನಾದರೂ ಕೆಟ್ಟರೂ ಹಿಂದಿನ ಸ್ಥಿತಿಗೆ ಹೋಗಬಹುದು. ಅದಕ್ಕೆ ಸ್ನ್ಯಾಪ್‌ಶಾಟ್ ಎಂದು ಹೆಸರು.

ಬೆಳಿಗ್ಗೆ ಹೋಗಿ ನೋಡಿದರೆ ಕಂಪ್ಯೂಟರ್ ಕೋಣೆಯ ಎದುರು ಟೀಚರ್‌ಗಳೆಲ್ಲ ಒಂದೇ ಬಣ್ಣದ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತಿದ್ದಾರೆ. ವ್ಯಾಯಾಮದ ಮಾಷ್ಟ್ರು ಸೀಟಿ ಊದುತ್ತಾ ಎತ್ತರದವರನ್ನು ಹಿಂದಕ್ಕೆ ಕಳಿಸುತ್ತಿದ್ದಾರೆ. ಮಧ್ಯದ ಕುರ್ಚಿಯಲ್ಲಿ ಮುಖ್ಯೋಪಾಧ್ಯಾಯಿನಿ. ಅವರ ಪಕ್ಕದ ಕುರ್ಚಿಯನ್ನು ಶಾಲಾ ಸಮಿತಿಯ ಕಾರ್ಯದರ್ಶಿಗಳಿಗಾಗಿ ಖಾಲಿ ಬಿಟ್ಟಿದ್ದಾರೆ.

ಏನು ಹೇಳುವುದು? ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಕಾರ್ಯದರ್ಶಿಗಳು ತಡವಾಗಿ ಬಂದರು, ಅವರಿಗಾಗಿ ಇನ್ನೊಂದು ತೆಗೆದೆ. ಎಲ್ಲರೂ ಕ್ಲಾಸಿಗೆ ಹೋದ ಮೇಲೆ ಒಳಗೆ ಕೂತು ನನ್ನ ಸ್ನ್ಯಾಪ್‌ಶಾಟ್ ತೆಗೆದೆ.

ತೆಗೆದದ್ದು ಒಳ್ಳೆಯದೇ ಆಯಿತು. ಅಪ್‌ಡೇಟ್ ಎಡವಟ್ಟಾಗಿ ಮಕ್ಕಳ ಅಂಕಗಳೆಲ್ಲ ಮಾಯವಾದವು. ಮರುದಿನವೇ ಪೋಷಕರ ಸಭೆ. ಮುಖ್ಯೋಪಾಧ್ಯಾಯಿನಿಯ ಕಣ್ಣಲ್ಲಿ ನೀರೇ ಬಂತು. ನಾನು ಬೆಳಗಿನ ಸ್ನ್ಯಾಪ್‌ಶಾಟಿಗೆ ಹಿಂದಿರುಗಿದೆ. ಒಂದೊಂದೇ ತರಗತಿಯ ಅಂಕಗಳು ಮೊದಲಿನ ಹಾಗೆಯೇ ಬಂದವು.

"ಗಾಬರಿಯಾಗಬೇಡಿ ಟೀಚರ್, ಬೆಳಿಗ್ಗೆ ತೆಗೆದ ಸ್ನ್ಯಾಪ್‌ಶಾಟ್‌ನಿಂದ ಎಲ್ಲ ಸಿಕ್ಕಿತು" ಎಂದೆ.

ಅವರು ಕಣ್ಣೊರೆಸಿಕೊಂಡು ನಿಟ್ಟುಸಿರು ಬಿಟ್ಟರು.

"ವ್ಯಾಯಾಮದ ಮಾಷ್ಟ್ರು ಕಣ್ಣು ಮುಚ್ಚಿದ್ದರು, ನೋಡಿ. ಆದರೂ ಸರಿ ಬಂತಲ್ಲ ಮಾರಾಯ್ರೆ."

ಬಂಗುಡೆ ಹೋಯಿತು

ಪಡುಬಿದ್ರಿಯ ಹತ್ತಿರ ಮೀನು ಮಂಜುಗಟ್ಟಿಸಿ ಕಳಿಸುವ ಒಂದು ಕಂಪೆನಿ ಉಂಟು. ವರ್ಚುವಲ್ ಮೆಷಿನ್‌ಗಳಿಗೆ ಒಂದೊಂದು ಹೆಸರಿಡುವುದು ನಮ್ಮ ವಾಡಿಕೆ. ಮೀನಿನ ಕಂಪೆನಿಯಲ್ಲವೇ ಎಂದು ನಾನು ಮೀನಿನ ಹೆಸರುಗಳನ್ನೇ ಇಟ್ಟೆ. ಲೆಕ್ಕಪತ್ರದ್ದು ಅಂಜಲ್, ಶೀತಲ ಕೋಣೆಯ ಉಷ್ಣಾಂಶ ನೋಡುವುದು ಬಂಗುಡೆ, ಹಾಜರಿಯದ್ದು ಬೂತಾಯಿ. ಮ್ಯಾನೇಜರಿಗೂ ಈ ಹೆಸರುಗಳು ಬಾಯಿಪಾಠವಾದವು. ಧಣಿಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಒಂದು ದಿನ ಸರ್ವರಿನ ಡಿಸ್ಕ್ ಕೈಕೊಟ್ಟಿತು. ನಾನು ಅಲ್ಲಿ ಕೂತು ರಿಪೇರಿ ಮಾಡುತ್ತಿದ್ದೆ. ಧಣಿಗಳು ಉಡುಪಿಯಲ್ಲಿ ಯಾರದೋ ಮದುವೆಯಲ್ಲಿದ್ದರು. ಮ್ಯಾನೇಜರು ಅವರಿಗೆ ಫೋನ್ ಹಚ್ಚಿ ನಿಷ್ಠೆಯಿಂದ ವರದಿ ಒಪ್ಪಿಸಿದರು.

"ಬಂಗುಡೆ ಪೂರ್ತಿ ಹೋಯಿತು ಸರ್. ಬೂತಾಯಿಗೆ ಜೀವ ಉಂಟು, ಆದರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಅಂತ ಮೇಡಂ ಹೇಳುತ್ತಾರೆ."

ಧಣಿಗಳು ಊಟದ ಎಲೆಯಿಂದ ಎದ್ದೇ ಬಂದರು. ದಾರಿಯಲ್ಲಿ ಫೋನ್ ಮಾಡಿ, ಬಂಗುಡೆ ತುಂಬಲಿಕ್ಕೆ ಬರುತ್ತಿದ್ದ ಲಾರಿಯನ್ನು ವಾಪಸ್ ತಿರುಗಿಸಿದ್ದರು. ಕಾರಿನಿಂದ ಇಳಿದವರು ಯಾರ ಹತ್ತಿರವೂ ಮಾತಾಡದೆ, ರೇಷ್ಮೆ ಪಂಚೆಯಲ್ಲಿಯೇ ಶೀತಲ ಕೋಣೆಯ ಬಾಗಿಲು ತೆಗೆದು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಹಲ್ಲು ಕಟಕಟ ಎನ್ನುತ್ತಾ ಹೊರಗೆ ಬಂದರು. ಕೈಯಲ್ಲಿ ಕಲ್ಲಿನಂತೆ ಗಟ್ಟಿಯಾದ ಒಂದು ಬಂಗುಡೆ.

"ಇದು ಚೆನ್ನಾಗಿಯೇ ಉಂಟಲ್ಲ?"

"ಅದು ಮೀನು ಸರ್. ಹೋದದ್ದು ಕಂಪ್ಯೂಟರ್" ಎಂದು ನಾನು ಬಿಡಿಸಿ ಹೇಳಿದೆ.

ಅವರು ಬಿಸಿ ಚಹಾ ತರಿಸಿ ಕುಡಿದರು. ಲಾರಿಯವನಿಗೆ ಫೋನ್ ಮಾಡಿ ಮತ್ತೆ ಬರಲು ಹೇಳಿದರು. ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಬೈಯಲಿಲ್ಲ.

"ಮೇಡಂ, ಇವಕ್ಕೆಲ್ಲ ತರಕಾರಿಯ ಹೆಸರಿಡಿ. ಹೋದರೂ ನನಗೆ ಬೇಸರ ಇಲ್ಲ."

ಗೆಸ್ಟ್ ಏಳುತ್ತಿಲ್ಲ

ನಮ್ಮ ಭಾಷೆಯಲ್ಲಿ ದೊಡ್ಡ ಸರ್ವರ್‌ಗೆ ಹೋಸ್ಟ್ ಎನ್ನುತ್ತೇವೆ. ಒಳಗಿರುವ ಯಂತ್ರಗಳಿಗೆ ಗೆಸ್ಟ್ ಎನ್ನುತ್ತೇವೆ. ಅಂದರೆ ಮನೆಯೊಡೆಯ ಮತ್ತು ನೆಂಟರು. ಹಟ ಹಿಡಿದ ಗೆಸ್ಟನ್ನು ಬಲವಂತವಾಗಿ ನಿಲ್ಲಿಸುವುದಕ್ಕೆ ಕೊಲ್ಲುವುದು ಎನ್ನುತ್ತೇವೆ. ಇದು ನಮಗೆ ಎಷ್ಟು ಅಭ್ಯಾಸವೆಂದರೆ ಬೇರೆಯವರ ಕಿವಿಗೆ ಹೇಗೆ ಕೇಳೀತು ಎಂಬ ಯೋಚನೆಯೇ ಬರುವುದಿಲ್ಲ.

ಅಂದು ಮಣಿಪಾಲದ ಒಂದು ಸಂಸ್ಥೆಯ ಪ್ರವೇಶ ಪರೀಕ್ಷೆಯ ಫಲಿತಾಂಶ. ಮಕ್ಕಳು, ಅಪ್ಪ ಅಮ್ಮಂದಿರು ಎಲ್ಲರೂ ಮೊಬೈಲ್ ಹಿಡಿದು ಕಾಯುವ ಹೊತ್ತು. ನಾನು ಪಡುಬಿದ್ರಿಯಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿದ್ದೆ. ಸರ್ವರ್ ಕೋಣೆಯಲ್ಲಿದ್ದ ಸಹೋದ್ಯೋಗಿಯ ಫೋನ್ ಬಂತು. ಫಲಿತಾಂಶದ ವರ್ಚುವಲ್ ಮೆಷಿನ್ ಸರ್ವರಿನ ಮೆಮೊರಿಯನ್ನೆಲ್ಲ ನುಂಗಿ, ಹೆಪ್ಪುಗಟ್ಟಿದ ಹಾಗೆ ನಿಂತಿದೆಯಂತೆ. ಬಸ್ಸಿನಲ್ಲಿ ಹಾಡು ಜೋರಾಗಿತ್ತು, ಹಾಗಾಗಿ ನಾನೂ ಜೋರಾಗಿಯೇ ಮಾತಾಡಬೇಕಾಯಿತು.

"ಗೆಸ್ಟ್ ಇನ್ನೂ ಏಳಲಿಲ್ಲವಾ? ನಯವಾಗಿ ಹೇಳಿ ನೋಡಿದಿರಾ?"

ಪಕ್ಕದಲ್ಲಿ ತೆಂಗಿನಕಾಯಿ ಚೀಲ ಹಿಡಿದು ಕೂತಿದ್ದ ಹಿರಿಯ ಹೆಂಗಸು ನನ್ನ ಕಡೆ ತಿರುಗಿದರು.

"ಗೊತ್ತುಂಟು. ಇರುವುದನ್ನೆಲ್ಲ ಆ ಒಬ್ಬನೇ ತಿಂದು ಹಾಕಿದ್ದಾನೆ. ಬೇರೆ ಗೆಸ್ಟ್‌ಗಳಿಗೆ ಎಂತದೂ ಉಳಿಯಲಿಲ್ಲ."

ಕಂಡಕ್ಟರ್ ಹಾಡಿನ ಸದ್ದು ತಗ್ಗಿಸಿದ. ನನ್ನ ಧ್ವನಿ ಮಾತ್ರ ತಗ್ಗಲಿಲ್ಲ.

"ಹಾಗಾದರೆ ಮೊದಲು ಉಳಿದವರನ್ನು ಬೇರೆ ಕಡೆ ಸಾಗಿಸಿ. ಆಮೇಲೆ ಅವನನ್ನು ಕೊಂದುಬಿಡಿ. ಹೌದು, ಕೊಲ್ಲಿ. ಹೆದರುವುದು ಎಂತಕ್ಕೆ? ನಾನು ಎಷ್ಟು ಜನರನ್ನು ಕೊಂದಿಲ್ಲ."

ಬಸ್ಸು ಕಟಪಾಡಿ ದಾಟುತ್ತಿತ್ತು. ಫೋನಿನ ಆ ಕಡೆಯಿಂದ ಕೊನೆಗೂ, "ಆಯ್ತು, ಕೊಂದೆ. ಹೊಸದು ಎದ್ದಿತು, ಫಲಿತಾಂಶ ಕಾಣುತ್ತದೆ" ಎಂದು ಕೇಳಿಸಿತು. ನಾನು ದೊಡ್ಡದೊಂದು ಉಸಿರು ಬಿಟ್ಟು, "ಅಬ್ಬ, ಮುಗಿಯಿತಲ್ಲ. ಚಹಾ ಕುಡಿಯಿರಿ" ಎಂದು ಫೋನ್ ಇಟ್ಟೆ.

ಆಗಲೇ ನೋಡಿದ್ದು, ಇಡೀ ಬಸ್ಸು ನನ್ನನ್ನೇ ನೋಡುತ್ತಿದೆ. ಪಕ್ಕದ ಹೆಂಗಸು ಮೆಲ್ಲಗೆ ನನ್ನ ಕೈ ಹಿಡಿದುಕೊಂಡರು.

"ಮಗಾ, ನೆಂಟರು ಬಂದು ಕೂತರೆ ಕಷ್ಟವೇ. ನಮ್ಮಲ್ಲಿಯೂ ಉಂಟು. ಆದರೆ ಕೊಲ್ಲಬಾರದು. ನಾಲ್ಕು ದಿನ ಬರೀ ಗಂಜಿ, ಉಪ್ಪಿನಕಾಯಿ ಕೊಟ್ಟು ನೋಡು. ತಾವಾಗಿಯೇ ಬಸ್ಸು ಹತ್ತುತ್ತಾರೆ."

ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಸೀಟಿನ ಹತ್ತಿರ ಬಂದು ಬಗ್ಗಿ ನಿಂತ.

"ಗಂಜಿಗೆಲ್ಲ ಹೋಗುವವರಲ್ಲ ಅಮ್ಮ, ನಾವು ಕೊಟ್ಟು ನೋಡಿದ್ದೇವೆ" ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿ ಸ್ವರ ತಗ್ಗಿಸಿದ.

"ಮೇಡಂ, ನೀವು ಈಗ ಫೋನಿನಲ್ಲಿ ಮಾತಾಡಿದ್ದು ಯಾರ ಹತ್ತಿರ? ಅವರ ನಂಬರ್ ನನಗೂ ಒಂದು ಕೊಡಿ."