ಒಲೆ ಆರಿಸುವ ಕೆಲಸ

ಹೊಷಿಮ್‌ಜಾನನ ಗ್ರಹಚಾರವೆಲ್ಲ ಇಟ್ಟಿಗೆ ಕಾರ್ಖಾನೆಯ ಚಿಮಣಿಯಲ್ಲಿತ್ತು. ಉಜ್ಬೇಕಿಸ್ತಾನದ ಮರ್ಗಿಲಾನ್ ಊರಲ್ಲಿ, ಕಾರ್ಖಾನೆ ಇದ್ದ ಕೇರಿಯಲ್ಲೇ ಅವನ ಮನೆ. ಕಾರ್ಖಾನೆಯ ಕಿಟಕಿಯಲ್ಲಿ ಕೂತು ಕೇರಿಯವರ ದೂರು ಕೇಳುವುದು ಅವನ ಉದ್ಯೋಗ. ಹಗಲು ಕಿಟಕಿಯಲ್ಲಿ ಬೈದವರೇ ಸಂಜೆ ಮನೆಗೆ ಬಂದು ಉಳಿದದ್ದನ್ನು ಬೈದು ಹೋಗುತ್ತಿದ್ದರು. ಪಕ್ಕದ ಮನೆಯ ಮುದುಕಿ ಓಯ್‌ಶಾ ಖಾಲಾಳ ಬಿಳಿ ಬೆಕ್ಕು ಚಿಮಣಿ ಹೊಗೆಗೆ ಬೂದಿಬಣ್ಣಕ್ಕೆ ತಿರುಗಿದ್ದಕ್ಕೂ ಅವನೇ ಹೊಣೆ.

ಅಂದು ಬೆಳಿಗ್ಗೆ ಕಾರ್ಖಾನೆಯ ಯಜಮಾನ, ಎಲ್ಲರ ಅಣ್ಣ ತುರ್ಗುನ್ ಅಕಾ ಕರೆದರು.

"ಮಧ್ಯಾಹ್ನ ತಾಷ್ಕೆಂಟಿಂದ ಪರಿಸರ ಪ್ರಶಸ್ತಿ ಮೇಡಂ ಬರ್ತಾರೆ. ಪ್ರಶಸ್ತಿ ಬಂದ್ರೆ ಬ್ಯಾಂಕ್ ಸಾಲ ಕೊಡುತ್ತೆ, ಇನ್ನೊಂದು ಇಟ್ಟಿಗೆ ಸುಡೋ ಗೂಡು ಕಟ್ಬಹುದು. ಹೊಗೆ ಕಾಣ್ಬಾರ್ದು ಅಂತ ರಾತ್ರಿನೇ ಗೂಡಿನ ಬೆಂಕಿ ಆರಿಸಿದೀನಿ."

"ಹೊಗೆ ಸೋಸೋ ಯಂತ್ರನೇ ಹಾಕಿಸಬಹುದಲ್ಲ, ಅಕಾ?"

"ಅದಕ್ಕೆ ದುಡ್ಡು ಬೇಕಪ್ಪ. ಇದು ಪುಕ್ಕಟೆ. ಕೇರಿಯವರ ಬಾಯಲ್ಲಿ ನಾಲ್ಕು ಒಳ್ಳೇ ಮಾತು ಆಡಿಸು. ಪ್ರಶಸ್ತಿ ಬಂದ್ರೆ ಆ ಕಿಟಕಿಯಿಂದ ಬಿಡಿಸಿ ಉಗ್ರಾಣಕ್ಕೆ ಹಾಕ್ತೀನಿ."

ಉಗ್ರಾಣ! ಅಲ್ಲಿರುವುದು ಬರೀ ಇಟ್ಟಿಗೆ. ಇಟ್ಟಿಗೆ ಬೈಯುವುದಿಲ್ಲ. ಹೊಷಿಮ್‌ಜಾನ್ ಕೇರಿಗೆ ಓಡಿದ.

"ಅತಿಥಿ ಬರ್ತಾರಾ?" ಓಯ್‌ಶಾ ಖಾಲಾ ಸೊಂಟಕ್ಕೆ ಸೆರಗಿನಂತೆ ಶಾಲು ಬಿಗಿದಳು. "ಪಲಾವ್ ಇಲ್ದೆ ಹೆಂಗೋ ಕಳಿಸೋದು?"

"ಅವರು ಉಣ್ಣಕ್ಕೆ ಬರ್ತಿಲ್ಲ, ಖಾಲಾ!"

"ಎಲ್ಲ ಅತಿಥಿಗಳೂ ಹಂಗೇ ಹೇಳೋದು."

ಗೋಡೆಯಾಚೆಯಿಂದ ನೆರೆಮನೆಯ ಅಜ್ಜ ಮುಯ್ದಿನ್ ಬೋಬೋ ಕೂಗಿದರು. "ಅವಳು ಮಾಡಿದ್ರೆ ನಾನೇನು ಕೈಕಟ್ಟಿ ಕೂರ್ಲಾ? ನಮ್ಮನೇಲೂ ಪಲಾವ್!"

ಮಾತು ಬೀದಿಯ ತುದಿಯವರೆಗೆ ಹಬ್ಬಿತು. ಎಷ್ಟೋ ವರ್ಷದ ಮೇಲೆ ಆಕಾಶ ನೀಲಿಯಾಗಿತ್ತು. ಎಲ್ಲರೂ ಸಂಭ್ರಮದಿಂದ ಅಂಗಳದಲ್ಲೇ ಒಲೆ ಹೂಡಿದರು. ಹಿಂದಿನ ದಿನದ ಮಳೆಗೆ ಹತ್ತಿಗಿಡದ ಕಡ್ಡಿಯ ಸೌದೆ ನೆನೆದಿತ್ತು.

ಮೇಡಂ ಕಾರಿಳಿಯುವ ಹೊತ್ತಿಗೆ ಒಲೆಗಳ ಹೊಗೆಯಲ್ಲಿ ಚಿಮಣಿ ಇರಲಿ, ಕಾರ್ಖಾನೆಯೇ ಕಾಣುತ್ತಿರಲಿಲ್ಲ. ಹೊಷಿಮ್‌ಜಾನ್ "ಆರಿಸ್ರಪ್ಪಾ, ಕೈ ಮುಗೀತೀನಿ!" ಎಂದು ಮನೆಯಿಂದ ಮನೆಗೆ ಓಡುತ್ತಿದ್ದ. ಪ್ರತಿ ಮನೆಯಲ್ಲೂ ಅವನ ಬಾಯಿಗೆ ಒಂದು ತುತ್ತು ಪಲಾವ್ ತುರುಕಿ ಕಳಿಸುತ್ತಿದ್ದರು.

ಮೇಡಂ ಗಾಳಿ ಅಳೆಯುವ ಯಂತ್ರ ತೆಗೆದರು. ಅದು ಕಿರುಚಿಕೊಂಡಿತು.

"ಇದೇನ್ರೀ ಹೊಗೆ? ಕಾರ್ಖಾನೇದಾ?" ಮೇಡಂ ಕೆಮ್ಮುತ್ತಾ ಕೇಳಿದರು.

ಉಗ್ರಾಣ ಕೈತಪ್ಪಿತೆಂದು ಹೊಷಿಮ್‌ಜಾನನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಓಯ್‌ಶಾ ಖಾಲಾ ಸೌಟು ಹಿಡಿದು ಮುಂದೆ ಬಂದಳು. "ಕಾರ್ಖಾನೇದಾ? ಛೆ! ಅದರದ್ದು ಒಂದೆಳೆನೂ ಇಲ್ಲ. ಇದೆಲ್ಲ ನಮ್ಮದೇ! ಒಳಗ್ ಬಾ ಮಗಳೇ, ಉಣ್ಣು."

ಮೇಡಂ ಮೂರು ಮನೆಯಲ್ಲಿ ಉಂಡು, ಕಾರ್ಖಾನೆಗೆ ಪ್ರಶಸ್ತಿ ಘೋಷಿಸಿಯೇ ಕಾರು ಹತ್ತಿದರು.

ಹೊಷಿಮ್‌ಜಾನ್ ಕುಣಿಯುತ್ತಾ ಯಜಮಾನರ ಕೋಣೆಗೆ ಹೋದ. "ಅಕಾ, ಉಗ್ರಾಣದ ಬೀಗದಕೈ?"

"ಉಗ್ರಾಣಕ್ಕೆ ಯಾರಾದ್ರೂ ಆಗ್ತಾರೆ ಬಿಡು. ಕೇರಿ ಒಲೆಗಳಿಂದ ಊರಿನ ಗಾಳಿ ಕೆಡ್ತಿದೆ ಅಂತ ಮೇಡಂ ತುಂಬಾ ನೊಂದ್ಕೊಂಡ್ರು. ಸಮಾಜಕ್ಕೆ ನಮ್ಮದೂ ಒಂದು ಜವಾಬ್ದಾರಿ ಇದೆ, ನೋಡು. ನಿನ್ನ ಕಿಟಕಿ ಇವತ್ತಿಂದ ಬಂದ್. ನಾಳೆಯಿಂದ ನೀನು ಮನೆಮನೆಗೆ ಹೋಗಿ, ಹೊಗೆ ಮಾಡ್ಬೇಡಿ, ಒಲೆ ಆರಿಸಿ ಅಂತ ಬುದ್ಧಿ ಹೇಳ್ಬೇಕು. ಓಯ್‌ಶಾ ಖಾಲಾ ಮನೆಯಿಂದ್ಲೇ ಶುರು ಮಾಡು."

ಯಜಮಾನರ ಬೆನ್ನ ಹಿಂದಿನ ಕಿಟಕಿಯಾಚೆ, ಗೂಡಿಗೆ ಮತ್ತೆ ಬೆಂಕಿ ಬಿದ್ದು, ಚಿಮಣಿ ಮೊದಲ ಕಪ್ಪು ಹೊಗೆ ಬಿಟ್ಟಿತು.