ಕುದುರೆ ಮೇಲಿನ ಕರುಣೆ

ಎಲ್ಲ ರಾದ್ಧಾಂತ ಶುರುವಾದದ್ದು ‘ಕಿರ್’ ಎಂಬ ಒಂದು ಸದ್ದಿನಿಂದ.

ಜೀನು ಹೊಸದು. ಹೊಸ ಚರ್ಮ ಬಿಗಿದಾಗ ಕಿರುಗುಟ್ಟದೆ ಇನ್ನೇನು ಮಾಡೀತು? ಹೊಸ ಚಪ್ಪಲಿಯೂ ಕಿರುಗುಟ್ಟುತ್ತದೆ. ಆದರೆ ಆ ಭಾನುವಾರ ಬೆಳಗ್ಗೆ ಗಡಿಯಾರದಣ್ಣ ತನ್ನ ಕುದುರೆಯ ಬೆನ್ನಿಗೆ ಜೀನು ಹಾಕಿ ಹೊಟ್ಟೆಪಟ್ಟಿ ಎಳೆದದ್ದೇ ತಡ, ಎದುರುಮನೆ ಮಹಡಿಯ ಕಿಟಕಿ ದಡಾರನೆ ತೆರೆಯಿತು.

“ಅಯ್ಯಯ್ಯೋ! ಕುದುರೆ ನರಳ್ತಾ ಇದೆ! ಇನ್ನೂ ಹತ್ತೇ ಇಲ್ಲ, ಆಗಲೇ ನರಳ್ತಾ ಇದೆ!”

ಕಿಟಕಿಯಲ್ಲಿದ್ದವರು ಪ್ರಾಣಿದಯಾ ಸಂಘದ ಅಧ್ಯಕ್ಷೆ. ಅವರ ಕಂಕುಳಲ್ಲಿ ಅವರ ನಾಯಿ. ಆ ನಾಯಿಗೆ ನಾಲ್ಕು ಕಾಲಿವೆ ಎಂದು ಬೀದಿಯವರಿಗೆ ಕೇಳಿ ಗೊತ್ತಿತ್ತೇ ಹೊರತು, ಅವು ನೆಲಕ್ಕೆ ತಾಗಿದ್ದನ್ನು ಯಾರೂ ಕಂಡಿರಲಿಲ್ಲ.

ಗಡಿಯಾರದಣ್ಣ ಎಂದರೆ ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡವನು. ಅವನು ಅಂಗಡಿಯೊಳಗೆ ಕೂತಿದ್ದಾನೋ, ಅಂಗಡಿಯನ್ನೇ ಅವನಿಗೆ ತೊಡಿಸಿದ್ದಾರೋ ಎಂದು ಹೊಸಬರಿಗೆ ಅನುಮಾನ ಬರುವಂಥ ಮೈಕಟ್ಟು. ಬೆರಳುಗಳು ಮಾತ್ರ ಸಾಸಿವೆಯಷ್ಟು ಸ್ಕ್ರೂವನ್ನು ಒಂದೇ ಸಲಕ್ಕೆ ಕೂರಿಸುತ್ತಿದ್ದವು. ನೆಂಟರ ಮನೆಗೆ ಹೋದರೆ ಅವರು ಪ್ಲಾಸ್ಟಿಕ್ ಕುರ್ಚಿಯನ್ನು ಮೆಲ್ಲಗೆ ಒಳಗೆ ಸಾಗಿಸಿ ಮಂಚ ತೋರಿಸುತ್ತಿದ್ದರು. ಅದೆಲ್ಲ ಅವನಿಗೆ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಒಂದೇ. ಇವನ ಚಿಕ್ಕಂದಿನಲ್ಲಿ ಕಡಲತೀರದಲ್ಲಿ ಮಕ್ಕಳನ್ನು ಕುದುರೆ ಹತ್ತಿಸುತ್ತಿದ್ದವನು, ಇವನ ಸರದಿ ಬಂದಾಗ ಒಮ್ಮೆ ಕುದುರೆಯ ಕಡೆ, ಒಮ್ಮೆ ಇವನ ಕಡೆ ನೋಡಿ, “ಇವತ್ತಿಗೆ ಮುಗೀತು” ಎಂದು ಲಗಾಮು ಹಿಡಿದು ಹೊರಟುಬಿಟ್ಟಿದ್ದ.

ನಲವತ್ತು ದಾಟಿದ ಮೇಲೆ ಆ ಆಸೆ ಮತ್ತೆ ಚಿಗುರಿತು. ಈ ಸಲ ಅವನು ಗಡಿಯಾರ ಬಿಚ್ಚುವಷ್ಟೇ ತಾಳ್ಮೆಯಿಂದ ಕೆಲಸಕ್ಕಿಳಿದ. ತನ್ನಂಥವರಿಗೆ ಉದ್ದ ಕಾಲಿನ ಚೆಲುವ ಕುದುರೆಯಲ್ಲ, ಮೋಟು ಬೆನ್ನಿನ, ದಪ್ಪ ಮೂಳೆಯ ಕುದುರೆ ಬೇಕೆಂದು ತಿಳಿದುಕೊಂಡ. ಭಾರ ಒಂದೇ ಕಡೆ ಕೂರದೆ ಹರಡಿಕೊಳ್ಳುವಂತೆ ಅಗಲವಾದ ಜೀನು ಹೊಲಿಸಿದ. ಕಾಲಿಡುವ ರಿಕಾಬಿಗೆ ಜೋತುಬಿದ್ದು ಹತ್ತಿದರೆ ಕುದುರೆಯ ಬೆನ್ನು ತಿರುಚುತ್ತದೆಂದು ಹತ್ತುವುದಕ್ಕೆ ಮರದ ಮೆಟ್ಟಿಲು ಮಾಡಿಸಿದ. ಸಾ ಮಿಲ್ಲಿನಲ್ಲಿ ದಿಮ್ಮಿ ಎಳೆಯುತ್ತಿದ್ದ, ಬೀರುವಿನಂಥ ಎದೆಯ ಕುದುರೆಯೊಂದನ್ನು, ಮಿಲ್ಲಿಗೆ ಟ್ರ್ಯಾಕ್ಟರ್ ಬಂದಾಗ ಕೊಂಡು ತಂದ. ಅದರ ಹೆಸರು ಪುಟ್ಟ.

ಹಿತ್ತಲಿನಲ್ಲಿ ಒಂದು ದಿಮ್ಮಿಗೆ ಜೀನು ಕಟ್ಟಿ, ಅದರ ಮೇಲೆ ಕೂತು ಬೆನ್ನು ನೆಟ್ಟಗಿಡುವುದನ್ನು ತಿಂಗಳುಗಟ್ಟಲೆ ಕಲಿತ. “ರೀ, ಎಲ್ಲೀವರೆಗೆ ಹೋಗಿ ಬಂದ್ರಿ?” ಎಂದು ಹೆಂಡತಿ ಅಡುಗೆಮನೆಯಿಂದ ಕೇಳುತ್ತಿದ್ದಳು. ಅದಕ್ಕೂ ಅವನು ಬೇಸರಿಸಲಿಲ್ಲ.

ಇವತ್ತು ಮೊದಲ ಸವಾರಿ. ಅಷ್ಟರಲ್ಲಿ ಈ ಕಿರ್.

ಕಿಟಕಿಯ ಕೂಗಿಗೆ ಬೀದಿಯೇ ನೆರೆಯಿತು. ಎಲ್ಲರಿಗಿಂತ ಮುಂದೆ, ಅರ್ಧ ಗಡ್ಡಕ್ಕೆ ಸೋಪಿನ ನೊರೆ ಮೆತ್ತಿಕೊಂಡೇ ಬಂದವರು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು.

“ಅಲ್ಲ ಕಣಯ್ಯ, ನೀನು ಕುದುರೆ ಮೇಲೆ ಕೂರೋದಕ್ಕಿಂತ ಕುದುರೆ ನಿನ್ನ ಮೇಲೆ ಕೂತ್ರೆ ಲೆಕ್ಕ ಸರಿಹೋಗಲ್ವಾ?”

“ಮೇಷ್ಟ್ರೇ, ಅದು ಹೊಸ ಜೀನಿನ ಸದ್ದು.”

“ಪಾಪ, ಬಾಯಿಲ್ಲದ ಪ್ರಾಣಿ, ಜೀನಿಂದಲೇ ಮಾತಾಡ್ತಿದೆ,” ಎಂದರು ಅಷ್ಟರಲ್ಲಿ ಕೆಳಗಿಳಿದು ಬಂದಿದ್ದ ಅಧ್ಯಕ್ಷೆ. “ನೋಡ್ರೀ, ದನದ ಡಾಕ್ಟ್ರು ಬಂದು ಪರವಾಗಿಲ್ಲ ಅನ್ನೋವರೆಗೂ ನೀವು ಹತ್ತಕೂಡದು. ಹತ್ತಿದ್ರೋ, ಇವತ್ತೇ ಪುಟ್ಟನ್ನ ಸಂಘದ ಆಶ್ರಮಕ್ಕೆ ಸಾಗಿಸ್ತೀನಿ.”

ಆಶ್ರಮಕ್ಕೆ ಹೋದ ಪ್ರಾಣಿಗಳ ಫೋಟೋಗಳು ಮಾತ್ರ ಪೇಪರಿನಲ್ಲಿ ಬರುತ್ತಿದ್ದವು, ಪ್ರಾಣಿಗಳು ಬಂದದ್ದಿಲ್ಲ. ಗಡಿಯಾರದಣ್ಣ ಕುದುರೆಯನ್ನು ಗೇಟಿಗೆ ಕಟ್ಟಿ, ಡಾಕ್ಟರನ್ನು ಕರೆತರಲು ಏದುಸಿರು ಬಿಡುತ್ತ ಓಡಿದ.

ಅವನು ಡಾಕ್ಟರೊಂದಿಗೆ ಮರಳುವ ಹೊತ್ತಿಗೆ ಬೀದಿಯವರೆಲ್ಲ ಪುಟ್ಟನ ಸುತ್ತ ಮೌನವಾಗಿ ನಿಂತಿದ್ದರು. ಪುಟ್ಟ ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಿತ್ತು.

ದನದ ಡಾಕ್ಟರು ಕುದುರೆಯ ಬೆನ್ನು ತಡವಿ, ಕಾಲು ಎತ್ತಿಸಿ, ಗೊರಸು ನೋಡಿದರು. “ಇದಕ್ಕೆ ಜಗಳ ಯಾಕ್ರೀ? ಗಟ್ಟಿಮುಟ್ಟಾದ ಕುದುರೆ ತನ್ನ ತೂಕದಲ್ಲಿ ಐದನೇ ಒಂದು ಪಾಲು ಹೊರುತ್ತೆ. ಸವಾರ, ಜೀನು ಎಲ್ಲ ಸೇರಿ. ಇಬ್ಬರನ್ನೂ ತೂಗಿದರೆ ಮುಗೀತು.”

“ತೂಗೋದಕ್ಕೆ ತಕ್ಕಡಿ ಎಲ್ಲಿದೆ?” ಎಂದರು ಹೆಡ್‌ಮಾಸ್ತರು.

ಸಾ ಮಿಲ್ಲಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇತ್ತು. ಮುಂದೆ ಕುದುರೆ, ಪಕ್ಕದಲ್ಲಿ ಗಡಿಯಾರದಣ್ಣ, ಹಿಂದೆ ಇಡೀ ಬೀದಿ. ದಾರಿಯಲ್ಲಿ ಸಿಕ್ಕವರೆಲ್ಲ “ಏನು ಸಮಾಚಾರ?” ಎಂದು ಕೇಳಿ, ಉತ್ತರ ಕೇಳಿದೊಡನೆ ತಮ್ಮ ಕೆಲಸ ಬಿಟ್ಟು ಹಿಂಬಾಲಿಸಿದರು. ಅಷ್ಟು ಜನ ಯಾವ ನೆಪಕ್ಕೂ ಅವನ ಹಿಂದೆ ನಡೆದಿರಲಿಲ್ಲ.

ಮೊದಲು ಪುಟ್ಟ ಹತ್ತಿತು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, “ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿನೇ ಇದೆಯಲ್ಲ,” ಎಂದು ಗೊಣಗಿದರು. ಆಮೇಲೆ ಗಡಿಯಾರದಣ್ಣ ಜೀನನ್ನು ಮಗುವಿನಂತೆ ಎತ್ತಿಕೊಂಡು ಹತ್ತಿದ.

“ಮಾಲು ಏನು?” ಎಂದು ಒಳಗಿನಿಂದ ಕೇಳಿದ ವೇಬ್ರಿಡ್ಜಿನವನು, ಅಭ್ಯಾಸಬಲದಿಂದ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಡಿಯಾರದಣ್ಣ ನೆಲ ನೋಡುತ್ತ ನಿಂತ. ಅವನ ಕಿವಿಗಳು ಕೆಂಪಗಾಗಿದ್ದವು. ಹೆಡ್‌ಮಾಸ್ತರು ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಭಾಗಾಕಾರ ಮಾಡಿದರು, ಅಳಿಸಿದರು, ಮತ್ತೆ ಮಾಡಿದರು. ಉತ್ತರ ಅವರಿಗೆ ಹಿಡಿಸಲಿಲ್ಲ.

“ಎಷ್ಟಾಯ್ತು ಮೇಷ್ಟ್ರೇ?”

“ಕಡಿಮೆ,” ಎಂದರು ಅವರು ಬಾಯಲ್ಲಿ ಬೇವು ಅಗಿದವರಂತೆ. “ಕುದುರೆ ಹೊರಬಹುದಾದ್ದಕ್ಕಿಂತ ಇವನೇ ಅರ್ಧ ಸಿಮೆಂಟು ಚೀಲದಷ್ಟು ಕಡಿಮೆ ಇದ್ದಾನೆ.”

ತೂಕದ ವಿಷಯದಲ್ಲಿ ‘ಕಡಿಮೆ’ ಎಂಬ ಮಾತು ಜೀವಮಾನದಲ್ಲಿ ಮೊದಲ ಸಲ ಅವನ ಕಿವಿಗೆ ಬಿದ್ದಿತ್ತು. ಬೀದಿಗೆ ಮರಳುವಾಗ ಅವನ ನಡಿಗೆಯೇ ಬೇರೆಯಾಗಿತ್ತು.

ಮನೆಯ ಮುಂದೆ ಮರದ ಮೆಟ್ಟಿಲಿಟ್ಟು, ಮೆಲ್ಲಗೆ ಕಾಲು ಆಚೆ ಹಾಕಿ, ಹೂವಿನ ಮೇಲೆ ಕೂರುವವನಂತೆ ಕೂತ. ಮೇಲಿನಿಂದ ಬೀದಿ ಚೆನ್ನಾಗಿ ಕಾಣುತ್ತಿತ್ತು. ಯಾರ ಮನೆಯ ಹೆಂಚು ಒಡೆದಿದೆ, ಯಾರ ನೆತ್ತಿ ಬೋಳಾಗಿದೆ, ಎಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಈ ಸಲದ ನಗುವಿನಲ್ಲಿ ತಮಾಷೆ ಇರಲಿಲ್ಲ. ಪುಟ್ಟ ಹೆಜ್ಜೆ ಹಾಕಿತು. ಒಂದು, ಎರಡು. ಆಮೇಲೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಮುಂಗಾಲು ಮಡಚಿ, ರಸ್ತೆಯ ನಟ್ಟನಡುವೆ ಮಲಗಿಬಿಟ್ಟಿತು.

“ಕೊಂದ!” ಎಂದು ಅಧ್ಯಕ್ಷೆ ಕಿರುಚಿದರು. “ನಮ್ಮ ಕಣ್ಣೆದುರೇ ಕೊಂದ!”

“ಆ ವೇಬ್ರಿಡ್ಜೇ ಸರಿಯಿಲ್ಲ. ನನ್ನ ಭಾಗಾಕಾರ ತಪ್ಪೋದಿಲ್ಲ,” ಎಂದರು ಹೆಡ್‌ಮಾಸ್ತರು.

ಗಡಿಯಾರದಣ್ಣ ಹೇಗೋ ಕೆಳಗೆ ಜಾರಿ, ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲೇ ಕೂತುಬಿಟ್ಟ. “ಪುಟ್ಟಾ, ಏಳಪ್ಪ. ನಾನಿನ್ನು ಹತ್ತಲ್ಲ, ಏಳು,” ಎಂದು ಅದರ ಕಿವಿಯಲ್ಲಿ ಬೇಡಿಕೊಂಡ.

ಡಾಕ್ಟರು ಕುದುರೆಯ ಹೊಟ್ಟೆಗೆ ಕಿವಿಯಿಟ್ಟರು. ಎದ್ದು ನಿಂತು ಸುತ್ತ ನೋಡಿದರು. “ಒಳಗೆ ಗುಡುಗ್ತಾ ಇದೆ. ಇದು ಭಾರಕ್ಕೆ ಮಲಗಿದ್ದಲ್ಲ, ಅಜೀರ್ಣಕ್ಕೆ. ನಾನು ಬರೋ ಮುಂಚೆ ಇದಕ್ಕೆ ಏನು ತಿನ್ನಿಸಿದ್ರಿ?”

ಬೀದಿ ಆಕಾಶ ನೋಡಿತು.

“ನಾನು ಒಂದೇ ಒಂದು ಕೋಸು,” ಎಂದರು ಹೆಡ್‌ಮಾಸ್ತರು ಕೊನೆಗೆ. “ಅದೂ ಬಾಡಿದ್ದು.”

“ನಮ್ಮನೇಲಿ ಆಲೂಗಡ್ಡೆ ಬೇಯಿಸಿದ್ದು ಮಿಕ್ಕಿತ್ತು,” ಎಂದಿತು ಇನ್ನೊಂದು ದನಿ. ಬಿಸ್ಕತ್ತು, ಸೇಬು, ಬಾಳೆಹಣ್ಣು ಎಂದು ಹಿಂದಿನಿಂದ ಒಂದೊಂದೇ ತಪ್ಪೊಪ್ಪಿಗೆ ಬಂತು.

“ಮೇಡಂ, ನೀವು?”

“ಬ್ರೆಡ್ಡು,” ಎಂದರು ಅಧ್ಯಕ್ಷೆ ಸೆರಗಿನಿಂದ ಕಣ್ಣೊರೆಸಿಕೊಂಡು. “ಮನೇಲಿದ್ದಷ್ಟೂ. ಪಾಪ, ಕೊನೇ ಊಟ ಅಂದ್ಕೊಂಡೆ.”

“ಎಬ್ಬಿಸಿ ನಡೆಸ್ತಾ ಇರಿ. ಹೊಟ್ಟೆ ಸರಿಹೋಗೋವರೆಗೆ ಮಲಗೋದಕ್ಕೆ ಬಿಡಬೇಡಿ,” ಎಂದು ಡಾಕ್ಟರು ಇಂಜೆಕ್ಷನ್ ಚುಚ್ಚಿದರು.

ನಡೆಸುವ ಮಾತು ಬಂದೊಡನೆ ಎಲ್ಲರಿಗೂ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಯಿತು. ಗಡಿಯಾರದಣ್ಣನೊಬ್ಬನೇ ಪುಟ್ಟನನ್ನು ಪುಸಲಾಯಿಸಿ ಎಬ್ಬಿಸಿ, ಬೀದಿಯ ಈ ತುದಿಯಿಂದ ಆ ತುದಿಗೆ ನಡೆದ. ಬಿಸಿಲೇರಿತು, ಬಿಸಿಲಿಳಿಯಿತು. ಅಂಗಿ ಮೈಗಂಟಿತು. ಹೆಂಡತಿ ಪ್ರತಿ ಸುತ್ತಿಗೂ ನೀರು ತಂದು, ಅರ್ಧ ಗಂಡನಿಗೆ ಕುಡಿಸಿ, ಅರ್ಧ ಅವನ ತಲೆಗೆ ಸುರಿದಳು. ಸಂಜೆಯಾಗುತ್ತಿದ್ದಂತೆ ಪುಟ್ಟ ಅಧ್ಯಕ್ಷೆಯ ಗೇಟಿನ ಮುಂದೆ ಹಠಾತ್ತನೆ ನಿಂತು, ಬೀದಿಯ ಕರುಣೆಯನ್ನೆಲ್ಲ ಒಂದೇ ರಾಶಿಯಾಗಿ ಹಿಂದಿರುಗಿಸಿತು.

ಡಾಕ್ಟರು ಬಂದು ನೋಡಿ ಖುಷಿಪಟ್ಟರು. “ಗೆದ್ದಿತು ಬಿಡಿ! ಬೇಕಾದ್ರೆ ಈಗ ಒಂದು ಸುತ್ತು ಹತ್ತಿ. ಒಂದೇ ಸುತ್ತು, ನಿಧಾನಕ್ಕೆ,” ಎಂದು ಸ್ಕೂಟರು ಹತ್ತಿ ಹೋದರು.

ಗಡಿಯಾರದಣ್ಣ ಕಾಲೆಳೆದುಕೊಂಡೇ ಹೋಗಿ ಮೆಟ್ಟಿಲು ತಂದಿಟ್ಟ. ಒಂದು ಕಾಲು ಮೇಲಿಟ್ಟ.

“ನಿಲ್ಲಿ!” ಎದುರುಮನೆಯ ಗೇಟು ತೆರೆದುಕೊಂಡಿತು. “ಕುದುರೆಗೆ ಕಷ್ಟ ಆಗುತ್ತೋ ಇಲ್ವೋ ಅಂತ ಸಂಘ ಪರೀಕ್ಷೆ ಮಾಡಬೇಕು. ಅದು ಮೇಲೆ ಕೂತವರಿಗೆ ತಾನೆ ಗೊತ್ತಾಗೋದು? ನಾನೇ ಕೂತು ನೋಡ್ತೀನಿ.”

“ಮೇಡಂ, ಡಾಕ್ಟ್ರು ಒಂದೇ ಸುತ್ತು ಅಂದಿದ್ದಾರೆ.”

“ಅದಕ್ಕೇ ಹೇಳ್ತಿರೋದು. ಇರೋದೇ ಒಂದು ಸುತ್ತು, ಅದನ್ನ ನೀವೊಬ್ಬರೇ ಮುಗಿಸಿಬಿಟ್ರೆ ಹೇಗೆ? ಪರೀಕ್ಷೆ ಬೇಡ ಅಂದ್ರೆ ಹೇಳಿ, ಆಶ್ರಮದ ವ್ಯಾನು ಕರೆಸ್ತೀನಿ.”

“ನ್ಯಾಯವಾದ ಮಾತು,” ಎಂದು ಹೆಡ್‌ಮಾಸ್ತರು ಸೀಮೆಸುಣ್ಣ ಹಿಡಿದು ಮುಂದೆ ಬಂದರು. “ಲೆಕ್ಕ ಹಾಕಿದ್ದೀನಿ. ನಿನ್ನೊಬ್ಬನ ಜಾಗದಲ್ಲಿ ಮೇಡಂ, ನಾಯಿ, ಸಾಕ್ಷಿಗೆ ಅಂತ ನಾನು, ಮೂವರೂ ಹಿಡಿಸ್ತೀವಿ.”

ಗಡಿಯಾರದಣ್ಣ ಬಾಯಿ ತೆರೆದ. ವ್ಯಾನಿನ ನೆನಪಾಗಿ ಮುಚ್ಚಿದ. ಮೆಟ್ಟಿಲನ್ನು ಅಲುಗದಂತೆ ಹಿಡಿದು ಮೂವರನ್ನೂ ಹತ್ತಿಸಿದ. ಪುಟ್ಟ ಮಾತ್ರ ಅವನು ಮುಂದೆ ನಡೆಯದೆ ಕದಲಲಿಲ್ಲ. ಹೀಗಾಗಿ ಲಗಾಮು ಮತ್ತೆ ಅವನ ಕೈಗೇ ಬಂತು.

“ಆಹಾ, ಎಂಥ ಗಾಳಿ!” ಎಂದರು ಮೇಲಿನಿಂದ ಹೆಡ್‌ಮಾಸ್ತರು.

“ಒಂದು ದಿನದ ಪರೀಕ್ಷೆ ಸಾಲದು ಮೇಷ್ಟ್ರೇ,” ಎಂದರು ಅಧ್ಯಕ್ಷೆ. “ದಿನಾ ಸಂಜೆ ಮಾಡೋಣ.”

ಬೀದಿಯ ಏರು ಬಂತು. ಗಡಿಯಾರದಣ್ಣನಿಗೆ ಇನ್ನು ಒಂದು ಹೆಜ್ಜೆಯೂ ಆಗಲಿಲ್ಲ. ಲಗಾಮು ಹಿಡಿದುಕೊಂಡೇ ದೀಪದ ಕಂಬಕ್ಕೆ ಒರಗಿ, ಕಣ್ಣುಮುಚ್ಚಿ, ಕೊಲ್ಲನ ತಿದಿಯಂತೆ ಉಸಿರೆಳೆದುಕೊಂಡ.

ಮೇಲಿನಿಂದ ಅಧ್ಯಕ್ಷೆಯ ಗಾಬರಿಯ ದನಿ ಬಂತು. “ಯಾಕ್ರೀ ನಿಂತುಬಿಟ್ರಿ? ಪಾಪ, ಕುದುರೆಗೆ ಸುಸ್ತಾಯ್ತಾ?”